ಹೆಳವರ ಕಡತದಲ್ಲಿಲ್ಲದ ಅವ್ವಂದಿರು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಅರವತ್ತು ದಾಟಿದ ಒಂದಷ್ಟು ಮಂದಿಯ ಆಧಾರ್ ಕಾರ್ಡುಗಳನ್ನು ಒಂದೆಡೆ ಹರಡಿ ನೋಡಿ. ಅವರಲ್ಲಿ ಬಹಳ ಜನ ಜೂನ್ 1ರಂದೇ ಹುಟ್ಟಿರುತ್ತಾರೆ! ಸಾಲಿಗೆ ಹೆಸರು ಹಚ್ಚಲು ಕರೆದೊಯ್ದಾಗ ಮಾಸ್ತರರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡಿದರು. ಮುಟ್ಟಿತು, ಆರು ತುಂಬಿದೆ ಎಂದು ಲೆಕ್ಕ ಹಿಡಿದರು, ಶಾಲೆ ಆರಂಭವಾಗುವ ತಿಂಗಳ ಮೊದಲ ದಿನವನ್ನೇ ಜನ್ಮದಿನ ಎಂದು ಬರೆದರು. ಪಿಂಚಣಿಯಿಂದ ಹಿಡಿದು ಮರಣಪತ್ರದವರೆಗೆ ಆ ತಾರೀಖು ಬೆನ್ನು ಬಿಡುವುದಿಲ್ಲ. ಅದೇ ಮನುಷ್ಯನ ಅವ್ವನನ್ನು ಕೇಳಿದರೆ ಉತ್ತರ ಬೇರೆ ಥರದ್ದು: "ಡ್ಯಾಮಿನ ನೀರು ನಮ್ಮೂರ ಕಾಲುವಿಗೆ ಮೊದಲ ಸಲ ಬಂತಲ್ಲ, ಆ ವರ್ಷ ಎಳ್ಳಮಾಸಿ ಮುಂದ ನೀ ಹುಟ್ಟಿದಿ." ತಾರೀಖು ಇಲ್ಲದ ಈ ಉತ್ತರವೇ ಹೆಚ್ಚು ನಂಬಬಹುದಾದದ್ದು. ತೊಂದರೆ ಏನೆಂದರೆ ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಬರೆಯಲು ಹಾಳೆಗೆ ಬರವಿಲ್ಲ. ಹೊಸ ವರ್ಷಕ್ಕೆ ಗೊಬ್ಬರದ ಅಂಗಡಿಯವರೋ ಬ್ಯಾಂಕಿನವರೋ ಕೊಟ್ಟ ಡೈರಿ ಪ್ರತಿ ಮನೆಯಲ್ಲೂ ಇರುತ್ತದೆ. ಜನವರಿ ಹತ್ತರ ತನಕ ಅದರಲ್ಲಿ ದಿನಚರಿ ನಡೆಯುತ್ತದೆ, ಆಮೇಲೆ ಹಾಲಿನ ಲೆಕ್ಕಕ್ಕೆ ಇಳಿಯುತ್ತದೆ. ಆ ಡೈರಿಯನ್ನೇ ಮನೆತನದ ಹಿಂದಿನದನ್ನು ಕೆದಕಲು ಬಳಸಿರಿ ಎಂಬುದು ಈ ವಾರದ ನನ್ನ ಮಾತು. ವಂಶವೃಕ್ಷ ಬರೆಸಿ ಚೌಕಟ್ಟು ಹಾಕಿ ಗೋಡೆಗೆ ತೂಗುಬಿಡುವುದು ಬೇರೆ ಹವ್ಯಾಸ, ನಾನು ಹೇಳುತ್ತಿರುವುದು ಅದಲ್ಲ. ಗಂಡು ಮಕ್ಕಳ ಹೆಸರನ್ನು ಒಂದರ ಕೆಳಗೊಂದು ಬರೆಯುವ ಕೆಲಸಕ್ಕೆ ನಮ್ಮಲ್ಲಿ ಬೇರೆಯವರೇ ಇದ್ದಾರೆ.

ಅವರು ಹೆಳವರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಪರಿಚಯ ಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತನ್ನು ಸಿಂಗರಿಸಿಕೊಂಡು ಮನೆ ಮುಂದೆ ಬಂದು ನಿಂತು, ಈ ಮನೆತನದ ಮೂಲಪುರುಷ ಯಾರು, ಯಾವ ಊರಿಂದ ಬಂದ, ಅವನಿಗೆ ಎಷ್ಟು ಗಂಡುಮಕ್ಕಳು, ಯಾರ ಕವಲು ಎಲ್ಲಿಗೆ ಹೋಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಒಂದೊಂದು ಹೆಳವ ಕುಟುಂಬಕ್ಕೂ ಇಂತಿಂಥ ಊರು, ಇಂತಿಂಥ ಒಕ್ಕಲು ಎಂಬ ಹಂಚಿಕೆ ಇದೆ. ತಂದೆಯ ಕಡತ ಮಗನಿಗೆ ಬರುತ್ತದೆ. ಬಂದಾಗ ಹೊಸದಾಗಿ ಹುಟ್ಟಿದವರ ಹೆಸರು ಸೇರಿಸುತ್ತಾರೆ. ಕಾಳು, ಬಟ್ಟೆ, ಹಣ, ಅನುಕೂಲಸ್ಥರಿದ್ದರೆ ಕರು, ಹೀಗೆ ಕೊಟ್ಟು ಕಳಿಸುವುದು ರೂಢಿ. ಈಗ ಎತ್ತಿನ ಜಾಗಕ್ಕೆ ಎಷ್ಟೋ ಕಡೆ ಮೋಟರ್ ಸೈಕಲ್ ಬಂದಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಲಂಬಾಣಿ ತಾಂಡಾಗಳಿಗೆ ಇದೇ ಬಗೆಯ ಕೆಲಸಕ್ಕೆ ಢಾಡಿಗಳಿದ್ದಾರೆ.

ಹೆಳವರ ಕಡತ ದೊಡ್ಡ ಆಸ್ತಿ, ಅನುಮಾನವಿಲ್ಲ. ಆದರೆ ಅದು ಓಡುವುದು ಗಂಡಿನ ಗೆರೆಯ ಮೇಲೆ. ಸೊಸೆಯ ಹೆಸರು ಅಲ್ಲಲ್ಲಿ ಬಂದರೆ ಬಂತು. ಮದುವೆಯಾಗಿ ಹೋದ ಮಗಳು ಮುಂದಿನ ಪುಟಕ್ಕೆ ಬರುವುದಿಲ್ಲ. ಹುಟ್ಟಿ ಮೂರು ತಿಂಗಳಿಗೆ ಹೋದ ಕೂಸು ಬರುವುದಿಲ್ಲ. ಸಾಲ, ಜಗಳ, ಗುಳೆ, ಜೀತ ಬರುವುದಿಲ್ಲ. ಹೆಳವರನ್ನು ಕರೆಸಿ ಕಾಳು ಅಳೆದು ಕೊಡುವ ಸ್ಥಿತಿ ಇಲ್ಲದವರ ಮನೆತನವಂತೂ ಕಡತದಲ್ಲೇ ಇಲ್ಲ. ಇನ್ನೊಂದು ಕಡತ ತಹಶೀಲ್ದಾರ್ ಕಚೇರಿಯದು, ಪಹಣಿ ಮತ್ತು ಖಾತೆಗಳದು. ಅದಕ್ಕೆ ಹೊಲ ಇದ್ದವರು ಮಾತ್ರ ಮನುಷ್ಯರು. ಈ ಎರಡೂ ಕಡತ ಬಿಟ್ಟದ್ದನ್ನು ಹಿಡಿದಿಡುವುದಕ್ಕೇ ಮನೆಯ ನೋಟ್‌ಬುಕ್ ಬೇಕಾಗಿರುವುದು. ಅವರು ಬರೆದದ್ದನ್ನೇ ನಾವೂ ಚೆಂದದ ಅಕ್ಷರದಲ್ಲಿ ನಕಲು ಮಾಡಿದರೆ ಪ್ರಯೋಜನವಿಲ್ಲ.

ಎಲ್ಲಿಂದ ಶುರು ಮಾಡಬೇಕು? ಮುತ್ತ್ಯಾನ ಮುತ್ತ್ಯಾನಿಂದಲ್ಲ, ನಿಮ್ಮ ಮನೆಯ ಅಟ್ಟದಿಂದ. ಹಳೆಯ ತಾಮ್ರದ ಕೊಡ, ಹಿತ್ತಾಳೆ ತಂಬಿಗೆ, ಸ್ಟೀಲಿನ ಬೋಗುಣಿ ಕೆಳಗಿಳಿಸಿ ಅಂಚು ಒರೆಸಿ ನೋಡಿ. ಮದುವೆಗೆ ಕೊಟ್ಟವರ ಹೆಸರು, ಊರು, ಎಷ್ಟೋ ಸಲ ತಾರೀಖು ಕೂಡ ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ. ನಮ್ಮ ಕಡೆ ಹೆಂಗಸರ ಹೆಸರು ಸಹಿತ ದಾಖಲಾದ ಅತಿ ಹಳೆಯ ವಸ್ತು ಬಹುಶಃ ಪಾತ್ರೆಯೇ. ಯಾವ ದೊಡ್ಡಮ್ಮ, ಯಾವ ಊರಿಗೆ ಕೊಟ್ಟಿದ್ದರು, ಆಮೇಲೆ ಆ ಮನೆಗೂ ಈ ಮನೆಗೂ ಹೋಗುಬರುವುದು ಯಾಕೆ ನಿಂತಿತು, ಒಂದು ಬೋಗುಣಿ ಇಷ್ಟು ಪ್ರಶ್ನೆ ಎತ್ತುತ್ತದೆ. ಅದರ ಜೊತೆಗೆ ಮದುವೆಯಲ್ಲಿ ಆಯಾರ, ಮುಯ್ಯಿ ಬರೆದುಕೊಂಡ ಪಟ್ಟಿ. ಟ್ರಂಕಿನ ತಳದಲ್ಲಿ ಲಗ್ನಪತ್ರಿಕೆಯ ಜೊತೆ ಮಡಿಚಿಟ್ಟ ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಬೇಕು. ಯಾರು ಐದು ರೂಪಾಯಿ ಹಾಕಿದರು, ಯಾರು ಒಂದು ಖಣ ತಂದರು, ಯಾವ ಊರಿನವರು ಗಾಡಿ ಕಟ್ಟಿಕೊಂಡು ಬಂದರು ಎಂಬುದರಲ್ಲಿ ಆ ವರ್ಷದ ನಂಟಿನ ಪೂರ್ತಿ ನಕ್ಷೆ ಇರುತ್ತದೆ. ಕಿರಾಣಿ ಅಂಗಡಿ ನಡೆಸಿದ ಮನೆಯಾದರೆ ದೀಪಾವಳಿಗೆ ಪೂಜೆ ಮಾಡಿದ ಕಿರ್ದಿ, ಖತಾವಣಿ ಸಿಗುತ್ತವೆ. ಅವುಗಳಲ್ಲಿ ಸಾಲ ಬರೆಸಿದವರ ಹೆಸರಿನಲ್ಲಿ ಅರ್ಧ ಊರೇ ಇರುತ್ತದೆ.

ಅಜ್ಜಿಯ ಕೈ ಮೇಲಿನ ಹಚ್ಚೆಯನ್ನೂ ಬಿಡಬೇಡಿ. ಯಾರು ಹಾಕಿದರು, ಎಷ್ಟು ವಯಸ್ಸಿಗೆ, ಅದು ಯಾರ ಹೆಸರು ಎಂದು ಕೇಳಿ ಬರೆದುಕೊಳ್ಳಿ. ಅದೊಂದು ದಾಖಲೆ ಮಾತ್ರ ಅಜ್ಜಿಯ ಜೊತೆಗೇ ಹೋಗುವಂಥದ್ದು.

ಇನ್ನು ಹೆಸರುಗಳು. ಈ ಭಾಗದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿಂದಾಗಿ ಬಸಪ್ಪನ ಮಗ ಅಮರಪ್ಪ, ಅಮರಪ್ಪನ ಮಗ ಬಸಪ್ಪ, ಮತ್ತೆ ಅವನ ಮಗ ಅಮರಪ್ಪ ಎಂದು ಸಾಗುತ್ತದೆ. ಕೋರ್ಟಿನಲ್ಲಿ ವಕೀಲರಿಗೇ ತಲೆ ಚಿಟ್ಟು ಹಿಡಿಯುತ್ತದೆ. ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬ ಬಸಪ್ಪನಿಗೂ ಅವನ ಹೆಂಡತಿಯ ಹೆಸರು ಹಚ್ಚಿ ಬರೆಯುವುದು ಗೊಂದಲ ತಪ್ಪಿಸುವ ಸುಲಭ ದಾರಿ. ಅಷ್ಟರಮಟ್ಟಿಗೆ ಹೆಂಗಸರ ಹೆಸರನ್ನು ಕೇಳಿ ತಿಳಿಯಲೇಬೇಕಾಗುತ್ತದೆ, ಅದು ಲಾಭ. ಇಟ್ಟ ಹೆಸರು ಯಾಕೆ ಇಟ್ಟರು ಎಂದು ಕೆದಕಿದರೆ ಇನ್ನೂ ಒಳಕ್ಕೆ ಹೋಗಬಹುದು. ಅಮರಪ್ಪ, ಅಮರಮ್ಮ ಇದ್ದರೆ ಗುರುಗುಂಟಾ ಅಮರೇಶ್ವರನ ಹರಕೆ. ಅಂಬಮ್ಮ ಇದ್ದರೆ ಸಿಂಧನೂರು ಸೀಮೆಯ ಅಂಬಾಮಠದ ನಡೆ. ಮೌನೇಶ ಇದ್ದರೆ ತಿಂಥಣಿ. ಹುಸೇನಪ್ಪ, ಹುಸೇನಮ್ಮ ಎಂಬ ಹಿಂದೂ ಹೆಸರು ಇದ್ದರೆ ಮುದಗಲ್ಲಿನ ಮೊಹರಂ ಅಲಾಯಿ ದೇವರಿಗೆ ಯಾರೋ ಬೇಡಿಕೊಂಡಿದ್ದಾರೆ ಎಂದೇ ಅರ್ಥ. ಯಾರು ಬೇಡಿಕೊಂಡರು, ಏನು ಕಷ್ಟವಿತ್ತು?

ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಯಾರಿಗೂ ಬೇಡವಾದದ್ದು ಎಂಬಂತೆ ಎತ್ತಿಕೊಂಡು ಬಂದು ಹೆಸರಿಡುವ ರೂಢಿ ಇತ್ತು. ಸಾವಿನ ಕಣ್ಣು ತಪ್ಪಿಸುವ ಉಪಾಯ. ಹಾಗಾಗಿ ನಿಮ್ಮ ವಂಶದಲ್ಲಿ ಒಬ್ಬ ತಿಪ್ಪಣ್ಣ ಇದ್ದರೆ ಅವನ ಹಿಂದೆ ಹೆಸರಿಲ್ಲದ ಎರಡೋ ಮೂರೋ ಕೂಸುಗಳಿವೆ. ಅವು ಹೆಳವರ ಕಡತದಲ್ಲಿಲ್ಲ, ಗ್ರಾಮ ಪಂಚಾಯ್ತಿಯಲ್ಲಿಲ್ಲ. ದೇಶದಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅವನ್ನು ಹಡೆದ ಅವ್ವನ ಹೆಸರನ್ನಾದರೂ ಕೇಳಿ ಬರೆದುಕೊಳ್ಳುವುದು ಸಾಧ್ಯವಿದೆ, ಇನ್ನೂ ಕೆಲವು ವರ್ಷ ಮಾತ್ರ.

ತಾರೀಖಿನ ತೊಡಕಿಗೆ ಬರೋಣ. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್ ತನಕ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಅಂದಿನ ಕಾಗದಗಳು ಉರ್ದುವಿನಲ್ಲಿವೆ, ಕಾಲಗಣನೆ ಫಸಲಿ. ಅದರ ತಿಂಗಳುಗಳು ಪಾರಸಿ ಹೆಸರಿನವು: ಆಜುರ್, ದೈ, ಬಹಮನ್ ಎಂದು ಶುರುವಾಗಿ ಆಬಾನ್‌ಗೆ ಮುಗಿಯುತ್ತವೆ. ಹೈದರಾಬಾದಿನ ಫಸಲಿ ವರ್ಷ ಹುಟ್ಟುವುದು ಅಕ್ಟೋಬರ್ ಮೊದಲ ವಾರದಲ್ಲಿ. ಲೆಕ್ಕ ಸುಲಭ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವಿನ ದಿನವಾದರೆ ಫಸಲಿಗೆ 590 ಕೂಡಿಸಿ, ಜನವರಿಯ ನಂತರದ್ದಾದರೆ 591. ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆ್ಯಕ್ಷನ್ ನಡೆದ 1948ರ ಸೆಪ್ಟೆಂಬರ್ ಫಸಲಿ 1357ರ ಕೊನೆಯ ತಿಂಗಳು ಆಬಾನ್‌ಗೆ ಸೇರುತ್ತದೆ, ಕೂಡಿಸಿ ನೋಡಿದರೆ ಸರಿಹೋಗುತ್ತದೆ. ಮನೆಯಲ್ಲಿ ಒಂದು ಉರ್ದು ಕಾಗದ ಇದ್ದು ಓದಲು ಬಾರದೆ ಮೂಟೆ ಕಟ್ಟಿಟ್ಟಿದ್ದರೆ ಈ ಊರುಗಳಲ್ಲಿ ಓದಿಕೊಡುವ ಹಿರಿಯರು ಇನ್ನೂ ಸಿಗುತ್ತಾರೆ. ನಿವೃತ್ತ ಉರ್ದು ಮಾಸ್ತರರಿಗೆ ಒಂದು ಚಹಾ ಕುಡಿಸಿದರೆ ಸಾಕು.

ಹಳೆಯ ಕಾಗದದಲ್ಲಿ 'ಜಿಲ್ಲಾ ಲಿಂಗಸುಗೂರು' ಎಂದಿದ್ದರೆ ಗಾಬರಿ ಬೇಡ. ಲಿಂಗಸುಗೂರು 1905ರವರೆಗೆ ಜಿಲ್ಲೆಯೇ ಆಗಿತ್ತು, ಸಿಂಧನೂರು ಅದರ ಒಂದು ತಾಲ್ಲೂಕು. ಈಚಿನದು ಇದಕ್ಕೆ ತಿರುವುಮುರುವು. ಮಸ್ಕಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಅದನ್ನು ಮಾಡಿದರು. ಆದ್ದರಿಂದ ಮಸ್ಕಿಯ ಹಳ್ಳಿಯೊಂದರ ಹಳೆಯ ದಫ್ತರ ಯಾವ ಊರಿನ ರೆಕಾರ್ಡ್ ರೂಮಿನಲ್ಲಿದೆ ಎಂದು ಮೊದಲು ವಿಚಾರಿಸಿಕೊಂಡು ಬಸ್ ಹತ್ತುವುದು ಒಳ್ಳೆಯದು.

ಹೊಲವಿಲ್ಲದವರಿಗೆ ಸರಕಾರಿ ಕಡತದಲ್ಲಿ ಜಾಗವಿಲ್ಲ ಎಂದೆ. ಒಂದು ಅಪವಾದ ಇದೆ, ಅದು ಬಹಳ ಜನರಿಗೆ ಹೊಳೆದಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ತಾವು ಉಳುತ್ತಿದ್ದ ಹೊಲಕ್ಕಾಗಿ ಏಳನೇ ನಮೂನೆಯ ಅರ್ಜಿ ಹಾಕಬೇಕಾಯಿತು. ಭೂ ನ್ಯಾಯಮಂಡಳಿ ಅದನ್ನು ವಿಚಾರಣೆ ಮಾಡಿತು, ಹೇಳಿಕೆ ಬರೆಸಿಕೊಂಡಿತು. ಅಂದರೆ ಅಕ್ಷರ ಬಾರದ ಒಬ್ಬ ಒಕ್ಕಲಿಗ ತನ್ನ ಅಪ್ಪ ಯಾವಾಗಿನಿಂದ ಈ ಹೊಲ ಮಾಡುತ್ತಿದ್ದ, ಪಾಲು ಎಷ್ಟು ಕೊಡುತ್ತಿದ್ದ, ಪಕ್ಕದ ಹೊಲದವರು ಯಾರು ಎಂದು ತಾನೇ ಹೇಳಿದ ಮಾತು ಅಲ್ಲಿ ಹೆಬ್ಬೆಟ್ಟಿನ ಕೆಳಗೆ ಇದ್ದೀತು. ಅರ್ಜಿ ವಜಾ ಆದ ಮನೆಗಳವರು ಕೂಡ ಹುಡುಕಬೇಕು. ಸೋತ ಕೇಸಿನ ಕಡತದಲ್ಲಿಯೂ ಅಜ್ಜನ ಮಾತು ಅಜ್ಜನದೇ. ಈಗ ರಾಜ್ಯದಲ್ಲಿ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ, ನಕಲು ಪಡೆಯುವುದು ಮುಂಚಿನಷ್ಟು ದುಸ್ತರವಾಗಲಿಕ್ಕಿಲ್ಲ.

ಮಸ್ಕಿಯವರಿಗೆ ಬರೆದಿಡುವುದರ ಬೆಲೆಯನ್ನು ಹೇಳಿಕೊಡುವ ಅಗತ್ಯವೇ ಬರಬಾರದು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿನ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನ ಕಂಡ. ಚಿನ್ನ ಹುಡುಕುವವನಿಗೆ ಅಕ್ಷರ ಸಿಕ್ಕಿತು. ಅದುವರೆಗೆ ಸಿಕ್ಕಿದ್ದ ಶಾಸನಗಳೆಲ್ಲ 'ದೇವಾನಾಂಪ್ರಿಯ' ಎಂಬ ಬಿರುದಿನಲ್ಲೇ ಮಾತಾಡುತ್ತಿದ್ದವು. ಆ ದೊರೆಯ ಸ್ವಂತ ಹೆಸರು ಅಶೋಕ ಎಂದು ಅವನದೇ ಶಾಸನದಲ್ಲಿ ಮೊದಲ ಸಲ ಓದಲು ಸಿಕ್ಕಿದ್ದು ಮಸ್ಕಿಯಲ್ಲಿ. ಶಾಲೆಯಲ್ಲಿ ಇಷ್ಟನ್ನು ಹೇಳಿಕೊಟ್ಟು ಬಿಡುತ್ತಾರೆ. ಆ ಶಾಸನದ ಒಕ್ಕಣೆಯನ್ನು ಯಾರೂ ದಿನಚರಿಯಂತೆ ಓದುವುದಿಲ್ಲ, ನನಗಂತೂ ಅದು ಹಾಗೇ ಕಾಣುತ್ತದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಸಂಘದ ಹತ್ತಿರ ಹೋದ ಮೇಲೆ ಹುರುಪು ಬಂತು ಎಂಬ ಅರ್ಥದ ಮಾತು ಅದರದು. ಅಷ್ಟು ದೊಡ್ಡ ಚಕ್ರವರ್ತಿ ತನ್ನೊಳಗಿನ ಬದಲಾವಣೆಯನ್ನು ಬರೆಸಿದ್ದಾನೆ. ಅಪ್ಪ ಬಿಂದುಸಾರನ ಹೆಸರಿಲ್ಲ, ಅಜ್ಜ ಚಂದ್ರಗುಪ್ತನ ಬಿರುದುಗಳಿಲ್ಲ. ಮುಂದೆ ಬಂದ ರಾಜರ ಶಾಸನಗಳಲ್ಲಿ ಅರ್ಧ ಜಾಗವನ್ನು ವಂಶಾವಳಿಯೇ ತಿನ್ನುತ್ತದೆ. ಮನೆಯ ನೋಟ್‌ಬುಕ್ಕಿಗೆ ಮಾದರಿ ಬೇಕಿದ್ದರೆ ನಾನು ಮಸ್ಕಿಯ ಬಂಡೆಯ ಕಡೆಗೆ ಕೈ ತೋರುತ್ತೇನೆ.

ಇನ್ನೊಬ್ಬ, ಇದೇ ನೆಲದಲ್ಲಿ ಓಡಾಡಿದವನು, ಫಿಲಿಪ್ ಮೆಡೋಸ್ ಟೇಲರ್. ಸುರಪುರ, ಲಿಂಗಸುಗೂರು ಎಂದು ಅಧಿಕಾರಿಯಾಗಿ ತಿರುಗಿ, ಕೊನೆಗಾಲದಲ್ಲಿ ತನ್ನ ಬದುಕಿನ ಕತೆ ಬರೆದ. 1876ರಲ್ಲಿ ತೀರಿಕೊಂಡ. ಹಸ್ತಪ್ರತಿಯನ್ನು ತಿದ್ದಿ ಮುಂದಿನ ವರ್ಷ ಅಚ್ಚು ಹಾಕಿಸಿದ್ದು ಅವನ ಮಗಳು ಆಲಿಸ್. ಹತ್ತೊಂಬತ್ತನೇ ಶತಮಾನದ ನಮ್ಮ ಸೀಮೆಯ ಬಗ್ಗೆ ಇವತ್ತಿಗೂ ಎಲ್ಲರೂ ಆ ಪುಸ್ತಕವನ್ನೇ ತಿರುವಿಹಾಕುತ್ತಾರೆ. ಅವನ ಕುದುರೆಗೆ ಹುಲ್ಲು ತಂದವರು, ಡೇರೆ ಹೊತ್ತವರು, ಅವನ ಕಚೇರಿಯ ಮುಂದೆ ಅರ್ಜಿ ಹಿಡಿದು ಕೂತವರು ನಮ್ಮ ಮುತ್ತಜ್ಜಂದಿರು. ಅವರು ಬರೆಯಲಿಲ್ಲ, ಬರೆಯಲು ಯಾರೂ ಕಲಿಸಿರಲಿಲ್ಲ.

ನೀರಿನ ವಿಷಯ ಬಾರದೆ ಸಿಂಧನೂರಿನ ಯಾವ ಮನೆತನದ ಕತೆಯೂ ಮುಂದೆ ಹೋಗುವುದಿಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಲ್ಲುವಂತಾಯಿತು. ಎಡದಂಡೆ ಕಾಲುವೆ 227 ಕಿಲೋಮೀಟರ್. ಜೋಳ, ಸಜ್ಜೆ, ನವಣೆಯ ಎರೆಹೊಲ ಕೆಲವೇ ವರ್ಷಗಳಲ್ಲಿ ಭತ್ತದ ಗದ್ದೆಯಾಯಿತು, ಸೋನಾ ಮಸೂರಿ ಬಂತು, ರೈಸ್ ಮಿಲ್ಲುಗಳ ಚಿಮಣಿ ಎದ್ದವು. ಕರಾವಳಿ ಆಂಧ್ರದಿಂದ ಗದ್ದೆ ಮಾಡುವುದು ಬಲ್ಲ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಅಲ್ಲಿ ಒಂದೆರಡು ಎಕರೆ ಮಾರಿ ಇಲ್ಲಿ ಅದರ ಹಲವು ಪಟ್ಟು ಕೊಂಡರು ಎಂದು ಅವರ ಮನೆಗಳಲ್ಲೂ ಹೇಳುತ್ತಾರೆ, ಮಾರಿದವರ ಮನೆಗಳಲ್ಲೂ ಹೇಳುತ್ತಾರೆ. ಹೇಳುವ ಧಾಟಿ ಮಾತ್ರ ಬೇರೆ ಬೇರೆ. ಒಂದೇ ಕ್ರಯಪತ್ರ ಒಂದು ಮನೆಗೆ ಗೃಹಪ್ರವೇಶ, ಇನ್ನೊಂದಕ್ಕೆ ತೀರದ ಹಳಹಳಿಕೆ. ನೀವು ಮಾರಿದವರ ಮೊಮ್ಮಗಳೋ ಕೊಂಡವರ ಮೊಮ್ಮಗನೋ, ಎಷ್ಟಕ್ಕೆ, ಯಾಕೆ, ಆ ದುಡ್ಡು ಏನಾಯಿತು ಎಂಬುದನ್ನು ಕೇಳಿ ಬರೆದಿಡಿ. ಯಾಕೆ ಮಾರಿದರು ಎಂಬ ಪ್ರಶ್ನೆಗೆ ಸಿಗುವ ಮೊದಲ ಉತ್ತರ ಬಹುತೇಕ ಸಲ ಪೂರ್ತಿಯಾಗಿರುವುದಿಲ್ಲ. ಮದುವೆ ಸಾಲ, ಇಸ್ಪೀಟು, ಅಣ್ಣತಮ್ಮಂದಿರ ಪಾಲು ಎರಡನೇ, ಮೂರನೇ ಸಲ ಕೂತಾಗ ಹೊರಗೆ ಬರುತ್ತವೆ.

ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಲಿ ಕುಟುಂಬಗಳಿವೆ. ಅಲ್ಲಿಯ ಮೂರನೇ ತಲೆಮಾರಿನ ಹುಡುಗರು ಕನ್ನಡ ಶಾಲೆಯಲ್ಲಿ ಓದಿ ನಮ್ಮ ಹಾಗೇ 'ಏನ್ರೀ, ಹೆಂಗದೀರಿ' ಎನ್ನುತ್ತಾರೆ. ಅವರಿಗೆ ಮನೆತನದ ಚರಿತ್ರೆ ಹವ್ಯಾಸದ ಮಾತಲ್ಲ. ಯಾವ ಜಿಲ್ಲೆ, ಯಾವ ಊರು, ಗಡಿ ದಾಟಿದ್ದು ಯಾವ ವರ್ಷ ಎಂಬುದರ ಮೇಲೆ ಪೌರತ್ವವೇ ನಿಂತಿದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದ ಮೇಲೆ ಈ ಕ್ಯಾಂಪುಗಳ ಅಜ್ಜಂದಿರ ಪೆಟ್ಟಿಗೆಗಳಿಗೆ ಮತ್ತೆ ಕೆಲಸ ಬಂತು. ಕಾಗದ ಕಳೆದವರ ಪಾಡನ್ನು ನೋಡಿದರೆ, ನಮ್ಮಂಥ ಸ್ಥಳೀಕರಿಗೆ ಕಾಗದದ ಬಗ್ಗೆ ಅಸಡ್ಡೆ ಯಾಕೆ ಬಂತೆಂದು ತಿಳಿಯುತ್ತದೆ: ನಮ್ಮನ್ನು ಯಾರೂ ಅದನ್ನು ಕೇಳಿರಲಿಲ್ಲ. ಆದರೆ ನಮಗೂ ಬಿಸಿ ಮುಟ್ಟಿದೆ. ಸಂವಿಧಾನದ 371 (ಜೆ) ವಿಧಿ ಬಂದ ಮೇಲೆ ನೌಕರಿಗೆ, ಸೀಟಿಗೆ ಸ್ಥಳೀಯ ಎಂಬ ಪ್ರಮಾಣಪತ್ರ ಬೇಕಾಗಿ, ಅಪ್ಪ ಎಲ್ಲಿ ಓದಿದ, ಎಷ್ಟು ವರ್ಷ ಎಲ್ಲಿದ್ದ ಎಂದು ಊರೂರ ಶಾಲೆಗಳಿಗೆ ಅಲೆದ ಮಕ್ಕಳು ಎಷ್ಟಿಲ್ಲ!

ಮಸ್ಕಿ, ಲಿಂಗಸುಗೂರಿನ ಒಣ ಬೇಸಾಯದ ಹಳ್ಳಿಗಳ ಕತೆ ಕಾಲುವೆಯದಲ್ಲ, ಗುಳೆಯದು. ಬೆಂಗಳೂರು, ಪುಣೆ, ಗೋವಾ ಎಂದು ಹೋದವರ ಮನೆಗಳಲ್ಲಿ ಯಾವ ಮಗು ಯಾವ ಕಟ್ಟಡದ ಶೆಡ್ಡಿನಲ್ಲಿ ಹುಟ್ಟಿತು ಎಂಬುದು ಅವ್ವನಿಗಷ್ಟೇ ಗೊತ್ತು. ಲಿಂಗಸುಗೂರು ಸೀಮೆಯಲ್ಲಿ ಹಟ್ಟಿಯ ಚಿನ್ನದ ಗಣಿಗೆ ಇಳಿದವರ ಮನೆಗಳಲ್ಲಿ ಮತ್ತೊಂದು ಬಗೆಯ ನೆನಪು, ಮೂರು ಪಾಳಿಯಲ್ಲಿ ಕಳೆದ ಬದುಕು. ಗಣಿ ಕಂಪನಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಆರಂಭವಾದದ್ದು ಪುಸ್ತಕದಲ್ಲಿ ಸಿಗುತ್ತದೆ. ನೆಲದೊಳಗಿನ ದೂಳು ಕುಡಿದು ಬಂದ ಗಂಡನಿಗೆ ರಾತ್ರಿ ಕೆಮ್ಮು ಹೇಗೆ ಬರುತ್ತಿತ್ತು ಎಂಬುದು ಸಿಗುವುದಿಲ್ಲ.

ಕಷ್ಟದ ಪುಟಗಳೂ ಬರುತ್ತವೆ. ನಿಜಾಮರ ಆಳ್ವಿಕೆಯ ಕೊನೆಯ ದಿನಗಳ ರಜಾಕಾರರ ಕಾಲ ಅಂಥದ್ದು. ಈ ಸೀಮೆಯಿಂದ ಎಷ್ಟೋ ಕುಟುಂಬಗಳು ಹೈದರಾಬಾದ್ ಗಡಿಯಾಚೆ ಗಜೇಂದ್ರಗಡ, ಮುಂಡರಗಿ ಕಡೆಗೆ ಓಡಿದವು. ಅಲ್ಲಿ ಹೋರಾಟದ ಶಿಬಿರಗಳಿದ್ದವು, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ಇದು ಹೆಮ್ಮೆಯಿಂದ ಹೇಳುವ ಕತೆ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಹೈದರಾಬಾದ್ ರಾಜ್ಯದ ಹಲವೆಡೆ ಮುಸ್ಲಿಂ ಕುಟುಂಬಗಳ ಮೇಲೆ ನಡೆದ ಹಿಂಸೆ ಮೆಲುದನಿಯ ಕತೆ. ಅದನ್ನು ವಿಚಾರಿಸಿದ ಪಂಡಿತ ಸುಂದರಲಾಲ್ ಸಮಿತಿಯ ವರದಿಯೇ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ನಿಮ್ಮ ಮನೆಯ ನೆನಪು ಯಾವ ಓಣಿಯದು ಎಂಬುದರ ಮೇಲೆ ಆ ವರ್ಷದ ಚಿತ್ರ ಬದಲಾಗುತ್ತದೆ. ಬರೆಯುವವರು ತೀರ್ಪು ಕೊಡುವುದು ಬೇಡ. ಯಾರು ಹೇಳಿದರು, ಅವರಿಗಾಗ ಎಷ್ಟು ವಯಸ್ಸು, ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದನ್ನು ಮಾತ್ರ ತಪ್ಪದೆ ಬರೆಯಬೇಕು.

ಉಡಿಕಿಯಾದ (ಮರುಮದುವೆಯಾದ) ಅಜ್ಜಿ, ದತ್ತಕ ಹೋದ ಚಿಕ್ಕಪ್ಪ, ಜಾತಿ ಮೀರಿ ಹೋದ ಅತ್ತೆ, ಇವರ ಹೆಸರು ಬಂದಾಗ ಮನೆಯಲ್ಲಿ ಮಾತು ನಿಲ್ಲುತ್ತದೆ. ಇನ್ನು ದೇವದಾಸಿ ಬಿಟ್ಟ ಮನೆಗಳಿವೆ. 1982ರಲ್ಲೇ ಕಾಯ್ದೆ ಬಂದರೂ ರಾಯಚೂರು ಜಿಲ್ಲೆಯಲ್ಲಿ ಆ ಪದ್ಧತಿಯ ಗಾಯ ಮಾಯ್ದಿಲ್ಲ. ಅಲ್ಲಿ ವಂಶ ಹರಿದದ್ದೇ ಅವ್ವನಿಂದ ಮಗಳಿಗೆ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಖಾಲಿ ಗೆರೆಯ ಮುಂದೆ ಕೂತು ತಲೆ ತಗ್ಗಿಸಿದ ಮಕ್ಕಳು ಇಂದು ತಾವೇ ಬರೆಯಬಲ್ಲರು. ಅವರು ಅವ್ವ, ಅವ್ವನ ಅವ್ವ, ಅವಳ ಅವ್ವ ಎಂದು ಬರೆಯತೊಡಗಿದರೆ ಈ ಮೂರು ತಾಲ್ಲೂಕುಗಳಲ್ಲಿ ಬರೆಯಬಹುದಾದ ಅತ್ಯಂತ ಮಹತ್ವದ ವಂಶಾವಳಿ ಅದೇ ಆಗುತ್ತದೆ. ಗಂಡಿನ ಗೆರೆಯೊಂದೇ ಗೆರೆ ಎಂದು ನಂಬಿದ ಉಳಿದ ನಾವು ಅದನ್ನು ನೋಡಿ ಕಲಿಯಬಹುದು. ಹೇಳುವವರು ಬೇಡ ಎಂದ ಸಂಗತಿಯನ್ನು ಮಾತ್ರ ಬರೆಯಬಾರದು, ಬರೆದರೂ ತೋರಿಸಬಾರದು. ಮನೆಯ ನೋಟ್‌ಬುಕ್ ವಾಟ್ಸ್‌ಆ್ಯಪ್ ಗ್ರೂಪಿನ ಸ್ಟೇಟಸ್ ಅಲ್ಲ.

ಬರೆಯುವ ರೀತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಪುಟದ ಮೇಲೆ ಅಂದಿನ ತಾರೀಖು, ಮಾತಾಡಿದವರ ಹೆಸರು, ಕೂತ ಜಾಗ. ಅವರ ಮಾತನ್ನು ಅವರ ಬಾಯಿಯ ಕನ್ನಡದಲ್ಲೇ ಬರೆಯಿರಿ. 'ಅಂಬ್ಲಿ ಕುಡಿದು ಮಕ್ಕೊಂಡಿವಿ' ಎಂಬುದನ್ನು 'ಹಸಿವಿನಿಂದ ನಿದ್ರಿಸಿದೆವು' ಎಂದು ತಿದ್ದಿದರೆ ಅಜ್ಜಿ ಹೋಗಿ ಪಠ್ಯಪುಸ್ತಕ ಬಂದು ಕೂರುತ್ತದೆ. ದೊಡ್ಡಪ್ಪ ಹೇಳಿದ್ದಕ್ಕೂ ಅತ್ತೆ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಇಡಿ. ಕೆಳಗೆ ಎರಡು ಸಾಲು ನಿಮ್ಮದು ಇರಲಿ: ಇದನ್ನು ಕೇಳಿ ನಿಮಗೆ ಏನನಿಸಿತು, ನಿಮ್ಮ ಅಪ್ಪನ ಸಿಟ್ಟು ಎಲ್ಲಿಂದ ಬಂದದ್ದೆಂದು ಗೊತ್ತಾಯಿತೇ, ನೀವು ಮಗಳಿಗೆ ಹಾಗೇಕೆ ಗದರುತ್ತೀರಿ. ಆ ಎರಡು ಸಾಲಿನಿಂದಲೇ ಅದು ದಿನಚರಿಯಾಗುವುದು, ಇಲ್ಲವಾದರೆ ಬರೀ ಜನಗಣತಿ. ಮೊಬೈಲಿನಲ್ಲಿ ಧ್ವನಿ ಹಿಡಿದಿಡುವುದು ಒಳ್ಳೆಯದೇ, ಆದರೆ ಮೊಬೈಲು ವರ್ಷ ಎರಡು ವರ್ಷಕ್ಕೆ ಬದಲಾಗುತ್ತದೆ, ರೂಳು ಹೊಡೆದ ಲೆಡ್ಜರ್ ಪುಸ್ತಕ ಬದಲಾಗುವುದಿಲ್ಲ. ಹಳೆಯ ಪತ್ರಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಪ್ಲಾಸ್ಟಿಕ್ಕಿನ ಅಂಟಿಗೆ ಸಿಕ್ಕ ಹಾಳೆಯನ್ನು ಮತ್ತೆ ಬಿಡಿಸಲಾಗುವುದಿಲ್ಲ.

ಕಾಲವನ್ನೂ ನೋಡಿಕೊಳ್ಳಬೇಕು. ಯುಗಾದಿಯಿಂದ ಮಿರಗ ಮಳೆಯ ತನಕ ಹೊಲ ಖಾಲಿ, ಕಾಲುವೆ ಬಂದ್, ಮದುವೆಗಳ ಸಾಲು, ಗುಳೆ ಹೋದವರು ಜಾತ್ರೆಗೆ ಬಂದಿರುತ್ತಾರೆ. ಮುದಗಲ್ಲಿನ ಕಡೆ ಮೊಹರಂಗೂ ಬರುತ್ತಾರೆ. ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಲಿಡಲಾಗದೆ ಎಲ್ಲರೂ ಪಡಸಾಲೆಯಲ್ಲೇ ಇರುತ್ತಾರೆ, ಕೇಳುವುದಿದ್ದರೆ ಆಗ ಕೇಳಬೇಕು. ಎಡದಂಡೆಗೆ ನೀರು ಬಿಟ್ಟರೆಂಬ ಸುದ್ದಿ ಬಂದರೆ ಮುಗಿಯಿತು, ಸಿಂಧನೂರಿನ ಯಾವ ಅಜ್ಜಿಯೂ ನಿಮ್ಮ ಜೊತೆ ಕೂತು ಮಾತಾಡುವುದಿಲ್ಲ. ನಾಟಿಗೆ ಆಳು ಹೊಂದಿಸುವುದು ಇರುತ್ತದೆ.